ತಾಯಿ ತಿಪ್ಪೆಗೆ, ಮಗು ತಟ್ಟೆಗೆ

ಬೀಟ್‌ರೂಟ್ ಕೊಳ್ಳುವುದಕ್ಕೆ ಬೆಂಗಳೂರಿನ ಸುಶಿಕ್ಷಿತ ಕುಟುಂಬಗಳಲ್ಲಿ ಒಂದು ವಿಧಿ ಇದೆ. ಗಡ್ಡೆ ತಕ್ಕಡಿಗೆ ಬೀಳುವ ಮೊದಲು ಸೊಪ್ಪು ಮುರಿಸಬೇಕು. "ಏನಣ್ಣಾ, ಸೊಪ್ಪನ್ನೂ ಸೇರಿಸಿ ತೂಗ್ತಿದ್ದೀಯಾ?" ಎಂದು ಗದರಬೇಕು. ಅಣ್ಣ ಮುರಿದು ಗಾಡಿಯ ಕೆಳಗೆ ಎಸೆಯುತ್ತಾನೆ. ಎರಡು ರೂಪಾಯಿ ಉಳಿಸಿದ ಸಂತೃಪ್ತಿಯಲ್ಲಿ ಕುಟುಂಬ ಲಿಫ್ಟ್ ಹತ್ತಿ ಮನೆ ಸೇರುತ್ತದೆ. ಬಾಲ್ಕನಿಯಲ್ಲಿ ಟ್ರೇ ಹರವಿ, ಕೋಕೋಪೀಟ್ ತುಂಬಿ, ಅದೇ ಗಿಡದ ಅದೇ ಸೊಪ್ಪನ್ನು ಬೀಜದಿಂದ ಎಬ್ಬಿಸಲು ಕೂರುತ್ತದೆ. ಸಸಿ ಎರಡು ಇಂಚು ದಾಟುವ ಮೊದಲೇ ಕತ್ತರಿ ಹಾಕಿ ತಿನ್ನುತ್ತದೆ. ಇದು ಬೀಟ್ ಮೈಕ್ರೋಗ್ರೀನ್ಸ್ ಕೃಷಿ.

ಮಂಡ್ಯದ ಕಡೆಯ ಅತ್ತೆಯಂದಿರಿಗೆ ಈ ಕೃಷಿ ಅರ್ಥವಾಗುವುದಿಲ್ಲ. ಅವರ ಪ್ರಕಾರ ಒಟ್ಲು ಹಾಕುವುದು ಪೈರು ಕಿತ್ತು ನಾಟಿ ಮಾಡಲಿಕ್ಕೆ. ಒಟ್ಲಿಗೇ ಕುಡುಗೋಲು ಹಾಕಿ ಊಟಕ್ಕೆ ಕೂತವನನ್ನು ಊರವರು ಮೊದಲು ದೇವಸ್ಥಾನಕ್ಕೆ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಹಾಗೆಂದು ಟ್ರೇಯಲ್ಲಿ ಸಸಿ ಎಬ್ಬಿಸುವುದೇನೂ ನಮಗೆ ಹೊಸದಲ್ಲ. ಮದುವೆ ಮನೆಯ ಅಂಕುರಾರ್ಪಣೆಗೆ ಪಾಲಿಕೆಗಳಲ್ಲಿ ಧಾನ್ಯ ಮೊಳೆಸುತ್ತಾರೆ, ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟ್ಟ ಹಾಕುತ್ತಾರೆ. ಮಣ್ಣು, ನೀರು, ಶ್ರದ್ಧೆ ಎಲ್ಲವೂ ನಮ್ಮಲ್ಲಿತ್ತು. ಬೆಳೆದದ್ದನ್ನು ಸಲಾಡ್ ಮೇಲೆ ಉದುರಿಸಬಹುದೆಂಬುದು ಮಾತ್ರ ಯಾವ ಪುರೋಹಿತರಿಗೂ ಹೊಳೆಯಲಿಲ್ಲ.

ಸಾಸಿವೆಯನ್ನೋ ಮೆಂತ್ಯವನ್ನೋ ಹಾಕಿದ್ದರೆ ವಾರದೊಳಗೆ ಕೆಲಸ ಮುಗಿಯುತ್ತಿತ್ತು. ಆದರೆ ಅವು ಅಡುಗೆಮನೆಯ ಡಬ್ಬಿಯಲ್ಲೇ ಇವೆ, ಅದೇ ಅವುಗಳ ದೋಷ. ಬೀಟ್‌ನ ದಂಟು ಕಡುಗುಲಾಬಿ, ಫೋಟೊದಲ್ಲಿ ಎದ್ದು ಕಾಣುತ್ತದೆ. ಹೀಗಾಗಿ ಹೊಸಬರೆಲ್ಲ ಅತಿ ಸತಾಯಿಸುವ ಬೆಳೆಯನ್ನೇ ಆರಿಸುತ್ತಾರೆ. ಬೀಟ್‌ನ ಕಾಳು ಒಂದು ಬೀಜವಲ್ಲ. ಹಲವು ಬೀಜಗಳು ಗಂಟುಗಟ್ಟಿ ಒಣಗಿದ ಹಣ್ಣು. ರಾತ್ರಿಯಿಡೀ ನೆನೆಸಬೇಕು. ಮೂರ್ನಾಲ್ಕು ದಿನ ಮೇಲೆ ಭಾರ ಹೇರಿ ಕತ್ತಲಲ್ಲಿಡಬೇಕು. ಕೊಯ್ಲಿಗೆ ಹತ್ತು ದಿನದಿಂದ ಎರಡು ವಾರ. ಅಷ್ಟಾದ ಮೇಲೂ ಎಲೆಯ ತುದಿಗೆ ಸಿಪ್ಪೆ ಹೆಲ್ಮೆಟ್‌ನಂತೆ ಅಂಟಿಕೊಂಡಿರುತ್ತದೆ. ನಮ್ಮ ಸವಾರರು ಪೊಲೀಸರನ್ನು ದಾಟಿದ ಕೂಡಲೇ ತೆಗೆಯುತ್ತಾರೆ. ಬೀಟ್ ಸಸಿಗೆ ಕಾನೂನಿನ ಮೇಲೆ ಗೌರವ ಜಾಸ್ತಿ, ಒಂದೊಂದನ್ನೂ ನಾವೇ ಬಿಡಿಸಬೇಕು. ತಿಂಗಳಿಗೊಮ್ಮೆಯೂ ಕೊತ್ತಂಬರಿ ಸೊಪ್ಪು ಬಿಡಿಸದ ಯಜಮಾನರು ಭಾನುವಾರ ಬೆಳಗ್ಗೆ ಚಿಮಟ ಹಿಡಿದು ಈ ಕೆಲಸ ಮಾಡುತ್ತಾರೆ. ಅದಕ್ಕೆ ಧ್ಯಾನ ಎಂದೂ ಹೇಳಿಕೊಳ್ಳುತ್ತಾರೆ.

ನಡುವೆ ಒಂದು ಬೆಳಗ್ಗೆ ಬೇರಿನ ಸುತ್ತ ನಯವಾದ ಬಿಳಿ ನೂಲು ಕಾಣುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಹಾಕಾರ. ನೀರು ಚಿಮುಕಿಸಿದರೆ ಮಾಯವಾಗುವುದು ಬೇರುರೋಮ, ಮಾಯವಾಗದ್ದು ಬೂಷ್ಟು, ಇಷ್ಟೇ ವಿಷಯ. ಇಷ್ಟನ್ನು ಹೇಳಿದವರಿಗೆ ಅಂದಿನಿಂದ ಗುಂಪಿನಲ್ಲಿ ಕೃಷಿ ವಿಜ್ಞಾನಿಯ ಸ್ಥಾನ.

ಇನ್ನೊಂದು ವರ್ಗ ಬೀಜದಂಗಡಿಗೆ ಹೋಗಿ, ಗುಲಾಬಿ ಬಣ್ಣದ ಬೀಜ ಚೆಂದವಿದೆ ಎಂದು ತರುತ್ತದೆ. ಆ ಬಣ್ಣ ಬೀಟ್‌ನದಲ್ಲ. ಬಿತ್ತನೆ ಬೀಜ ಕೊಳೆಯದಂತೆ ಶಿಲೀಂಧ್ರನಾಶಕ ಲೇಪಿಸಿ, ಯಾರೂ ತಿನ್ನದಿರಲಿ ಎಂದು ಗುರುತಿಗೆ ಹಾಕಿದ ಬಣ್ಣ. ಮಾರುಕಟ್ಟೆಯ ಸೊಪ್ಪಿನಲ್ಲಿ ವಿಷವಿದೆ ಎಂದು ಮನೆಯಲ್ಲಿ ಬೆಳೆಯಲು ಹೊರಟವರು, ವಿಷವನ್ನು ಮಧ್ಯವರ್ತಿಗಳಿಲ್ಲದೆ ನೇರವಾಗಿ ಖರೀದಿಸಿರುತ್ತಾರೆ.

ಇಷ್ಟೆಲ್ಲ ಪೌಷ್ಟಿಕಾಂಶಕ್ಕಾಗಿ ಎನ್ನುತ್ತಾರೆ. 2012ರಲ್ಲಿ ಅಮೆರಿಕದ ಸಂಶೋಧಕರು 25 ಬಗೆಯ ಮೈಕ್ರೋಗ್ರೀನ್ಸ್ ಪರೀಕ್ಷಿಸಿದ್ದು ನಿಜ, ಹಲವು ವಿಟಮಿನ್‌ಗಳು ಬಲಿತ ಎಲೆಗಿಂತ ಹೆಚ್ಚಿದ್ದುದೂ ನಿಜ. ಊರೆಲ್ಲ ಸುತ್ತುತ್ತಿರುವ "40 ಪಟ್ಟು" ಮಾತ್ರ ಕೆಂಪು ಕೋಸಿನ ಸಸಿಯ ವಿಟಮಿನ್ ಇ ಲೆಕ್ಕ. ಕೋಸಿನ ಅಂಕಪಟ್ಟಿಯನ್ನು ಬೀಟ್ ಕೊರಳಿಗೆ ಕಟ್ಟಿ ಮೆರವಣಿಗೆ ಮಾಡುತ್ತಿದ್ದೇವೆ. ಅದೂ ಗ್ರಾಂಗೆ ಗ್ರಾಂ ಹೋಲಿಕೆ. ಬಸ್ಸಾರು ಮಾಡುವ ಮನೆಯಲ್ಲಿ ಒಬ್ಬೊಬ್ಬರ ಪಾಲಿಗೆ ಹಿಡಿಗಟ್ಟಲೆ ಸೊಪ್ಪು ಬಂದರೆ, ಇಲ್ಲಿ ಒಬ್ಬರ ತಟ್ಟೆಗೆ ಆರೇಳು ಎಳೆ. ಬೀಟ್‌ರೂಟ್ ತಿಂದ ಕೆಲವರಿಗೆ ಮೂತ್ರ ಕೆಂಪಗಾಗುವುದುಂಟು. ಅದರ ಬಣ್ಣದಿಂದ ಆಗುವ ನಿರಪಾಯ ಸಂಗತಿ. ನಮ್ಮ ಬಾಲ್ಕನಿ ರೈತರು ಆ ಬಗ್ಗೆ ನಿಶ್ಚಿಂತೆಯಿಂದಿರಬಹುದು. ಅವರ ಇಳುವರಿಗೆ ಅಷ್ಟು ತ್ರಾಣವಿಲ್ಲ.

ರುಚಿ? ಮೊದಲ ಮಳೆಗೆ ಘಮ್ಮೆನ್ನುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಬೀಟ್‌ನಲ್ಲೂ ಇದೆ. ಮಕ್ಕಳು ಒಂದೆಳೆ ಬಾಯಿಗಿಟ್ಟು "ಮಣ್ಣು" ಎನ್ನುತ್ತಾರೆ. ದೊಡ್ಡವರು ಅದನ್ನೇ "ಅರ್ದಿ ಫ್ಲೇವರ್" ಎನ್ನುತ್ತಾರೆ.

ಈ ಬಳಗಕ್ಕೆ ನಾನು ಹೇಳದೆ ಮುಚ್ಚಿಟ್ಟಿರುವ ಗುಟ್ಟೊಂದಿದೆ. ತಳ್ಳುಗಾಡಿಯಲ್ಲಿ ಬಾಳೆನಾರಿನಿಂದ ಕಟ್ಟಿಟ್ಟಿರುವ ನಮ್ಮ ದೇಸಿ ಪಾಲಕ್ ಇದೆಯಲ್ಲ, ಸಸ್ಯಶಾಸ್ತ್ರದ ಪ್ರಕಾರ ಅದೂ ಬೀಟಾ ವಲ್ಗ್ಯಾರಿಸ್. ಬೀಟ್‌ರೂಟ್‌ನ ಒಡಹುಟ್ಟು, ಒಬ್ಬ ಗಡ್ಡೆ ಬೆಳೆಸಿಕೊಂಡ, ಇನ್ನೊಬ್ಬಳು ಎಲೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನುಪಮ ಇದೇ ಜಾತಿಯ ಪಾಲಕ್. ಅಂದರೆ ನಗರದ ಬಡವರು ಇಷ್ಟು ವರ್ಷ ಬೀಟ್‌ಗ್ರೀನ್ಸ್ ತಿನ್ನುತ್ತಲೇ ಬಂದಿದ್ದಾರೆ, ಕಟ್ಟುಗಟ್ಟಲೆ, ಬೇಳೆ ಜೊತೆ ಬೇಯಿಸಿ ಮಸೆದು, ಒಂದು ಫೋಟೊ ಕೂಡ ತೆಗೆಯದೆ. ಎಂಥ ಅಪವ್ಯಯ!

ನಮ್ಮ ಬೀದಿಯ ಸೊಪ್ಪಿನಮ್ಮನಿಗೆ ಈ ಗುಟ್ಟು ಯಾರೋ ಹೇಳಿಬಿಟ್ಟಿದ್ದಾರೆ. ಪಾಲಕ್ ಪಾತಿಯಲ್ಲಿ ಒತ್ತಾಗಿ ಹುಟ್ಟಿದ ಸಸಿಗಳನ್ನು ಅವರ ಮನೆಯವರು ಕಿತ್ತು ಬದುವಿಗೆ ಎಸೆಯುತ್ತಿದ್ದರಂತೆ. ಈಗ ಅವನ್ನು ತೊಳೆದು, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೊಂದು ಹಸಿರು ಚೀಟಿ ಅಂಟಿಸಿ ತರುತ್ತಾರೆ. ಡಬ್ಬಿಗೆ 100 ರೂಪಾಯಿ. ಕಟ್ಟು ಪಾಲಕ್‌ಗೆ ಐದು ರೂಪಾಯಿ ಇಳಿಸು ಎಂದು ಕಾಲುಗಂಟೆ ಚೌಕಾಸಿ ಮಾಡುವ ಮೇಡಂಗಳು ಡಬ್ಬಿಗೆ ತುಟಿ ಪಿಟಕ್ಕೆನ್ನದೆ ದುಡ್ಡು ಕೊಡುತ್ತಾರೆ. ಎಂಟು ಗಂಟೆಗೆಲ್ಲ ಗಾಡಿ ಖಾಲಿ. ಒಬ್ಬರು ಮಾತ್ರ ಮೊನ್ನೆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ತಕರಾರು ತೆಗೆದರಂತೆ: "ಹೋದ ವಾರದ್ದಕ್ಕಿಂತ ಎಲೆ ದೊಡ್ಡದಿದೆಯಲ್ಲಮ್ಮಾ, ರೇಟು ಕಡಿಮೆ ಮಾಡಲ್ವಾ?"