ರಿಸಲ್ಟ್ ರಾಯರು

“ನಾವು ಎಸ್‌ಎಟಿ ಮುಗಿಸಿಕೊಂಡ್ವಿ. ಈಗ ಎಸ್ಸೇಗೆ ಕೂತಿದ್ದೀವಿ.”

ಬ್ರಿಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತಾ ನಿಂತಾಗ ಇಂಥ ಮಾತು ಕಿವಿಗೆ ಬಿದ್ದರೆ ತಿರುಗಿ ನೋಡುವ ಅಗತ್ಯವಿಲ್ಲ. ಹೇಳುತ್ತಿರುವವರಿಗೆ ಐವತ್ತರ ಹತ್ತಿರ ವಯಸ್ಸು. ಕಾಲೇಜು ಸೇರಲು ಎಸ್‌ಎಟಿ ಪರೀಕ್ಷೆ ಬರೆದ ಮಗಳು ಆಚೆ ಮೇಜಿನಲ್ಲಿ ಫೋನು ನೋಡುತ್ತಾ ಕೂತಿರುತ್ತಾಳೆ. ಇವರೇ ರಿಸಲ್ಟ್ ರಾಯರು. ನ್ಯೂಜೆರ್ಸಿಯಲ್ಲಿ ಇವರು ಒಬ್ಬರೇ ಅಲ್ಲ. ಎಡಿಸನ್ನಿನ ಶ್ರೀಕೃಷ್ಣ ವೃಂದಾವನದ ತೀರ್ಥದ ಸಾಲಿನಲ್ಲೂ ಸಿಗುತ್ತಾರೆ, ಕನ್ನಡ ಕೂಟದ ಊಟದ ಸಾಲಿನಲ್ಲೂ ಸಿಗುತ್ತಾರೆ. ನಾನು ಹೇಳುತ್ತಿರುವುದು ನಮ್ಮ ಬೀದಿಯ ರಾಯರ ಬಗ್ಗೆ. ನಿಮ್ಮ ಬೀದಿಯವರಿಗೆ ಸರಿಹೊಂದಿದರೆ ನನ್ನ ತಪ್ಪಲ್ಲ.

ರಾಯರ ಕಣ್ಣು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಲೆ. ಅಲ್ಲೂ ಸಾದಾ ಸೀಟಲ್ಲ, ಎಂ ಅಂಡ್ ಟಿ. ಮ್ಯಾನೇಜ್‌ಮೆಂಟು ಮತ್ತು ಟೆಕ್ನಾಲಜಿ ಎರಡನ್ನೂ ಒಟ್ಟಿಗೆ ಓದಿಸಿ, ವಾರ್ಟನ್ ಬಿಸಿನೆಸ್ ಶಾಲೆಯಿಂದ ಒಂದು, ಎಂಜಿನಿಯರಿಂಗ್ ಶಾಲೆಯಿಂದ ಒಂದು, ಹೀಗೆ ಎರಡು ಡಿಗ್ರಿ ಕೊಡುವ ಕೋರ್ಸು. ವರ್ಷಕ್ಕೆ ಐವತ್ತು-ಅರವತ್ತು ಮಕ್ಕಳಿಗೆ ಮಾತ್ರ ಜಾಗ. ವಾರ್ಟನ್ ಶುರುವಾದದ್ದು 1881ರಲ್ಲಿ, ಎನಿಯಾಕ್ ಎಂಬ ಹೆಬ್ಬಂಡೆ ಕಂಪ್ಯೂಟರನ್ನು 1946ರಲ್ಲಿ ಲೋಕಕ್ಕೆ ತೋರಿಸಿದ್ದು ಇದೇ ಊರಿನ ಇದೇ ಎಂಜಿನಿಯರಿಂಗ್ ಶಾಲೆ. ಇದನ್ನೆಲ್ಲ ರಾಯರು ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಮೂರನೇ ಅಧ್ಯಾಯಕ್ಕೂ ನಾಲ್ಕನೇ ಅಧ್ಯಾಯಕ್ಕೂ ನಡುವೆ ತಿಳಿಸಿಕೊಟ್ಟರು.

ಈ ಹುಚ್ಚಿಗೆ ಕಾರಣವಿಲ್ಲದೆ ಇಲ್ಲ. ರಾಯರು ಅಪ್ಪ ಹೇಳಿದರೆಂದು ಎಂಜಿನಿಯರಾದವರು. ಇಪ್ಪತ್ತು ವರ್ಷ ಕೋಡು ಬರೆದರು. ಪಕ್ಕದ ಕೋಣೆಯಲ್ಲಿ ಸ್ಲೈಡು ತೋರಿಸುತ್ತಿದ್ದ ಎಂಬಿಎ ಹುಡುಗ ನೋಡನೋಡುತ್ತಾ ಅವರ ಬಾಸ್ ಆದ. “ಮಗಳು ಎರಡೂ ಕಲಿತರೆ ಅವಳ ಬಾಸು ಅವಳೇ” ಎಂಬುದು ರಾಯರ ಲೆಕ್ಕಾಚಾರ.

ಕೋರ್ಸಿಗೆ ಜೆರೋಮ್ ಫಿಷರ್ ಅವರ ಹೆಸರಿದೆ. ನೈನ್ ವೆಸ್ಟ್ ಎಂಬ ಹೆಂಗಸರ ಚಪ್ಪಲಿ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಈ ವಿಷಯ ಗೊತ್ತಾದ ದಿನ ರಾಯರು ಬಾಗಿಲ ಬಳಿ ಬಿದ್ದಿದ್ದ ಹೆಂಡತಿಯ ನೈನ್ ವೆಸ್ಟ್ ಜೊತೆಯನ್ನು ಎತ್ತಿ ಒರೆಸಿ ಮೇಲಿನ ಗೂಡಿನಲ್ಲಿ ಇಟ್ಟರು. “ಇನ್ನೆರಡು ಜೊತೆ ತಗೊಂಡ್ರೆ ಸೀಟು ಸಿಗುತ್ತೇನ್ರೀ? ಸೇಲ್ ನಡೀತಿದೆ” ಎಂದರು ಆ ತಾಯಿ.

ಕ್ಯಾಂಪಸ್ ನೋಡಲು ಹೋದಾಗ ನಾನೂ ಜೊತೆಗಿದ್ದೆ. ಲೋಕಸ್ಟ್ ವಾಕ್ ಎಂಬ ಮರಗಳ ಸಾಲಿನ ದಾರಿಯ ಮಧ್ಯೆ ನೆಲದಲ್ಲಿ ಒಂದು ದಿಕ್ಸೂಚಿ ಕೂರಿಸಿದ್ದಾರೆ. ಹೊಸ ವಿದ್ಯಾರ್ಥಿ ಮೊದಲ ಮಿಡ್‌ಟರ್ಮ್ ಬರೆಯುವುದಕ್ಕೆ ಮುಂಚೆ ಅದನ್ನು ತುಳಿದರೆ ಫೇಲಾಗುತ್ತಾನೆ ಎಂದು ಅಲ್ಲಿಯ ಹುಡುಗರ ನಂಬಿಕೆ. ದಾರಿ ತೋರಿಸುತ್ತಿದ್ದ ಹುಡುಗ ಇದನ್ನು ನಗುತ್ತಾ ಹೇಳಿದ. ರಾಯರು ನಗಲಿಲ್ಲ. ಸಂಸಾರವನ್ನೆಲ್ಲ ಪಕ್ಕಕ್ಕೆ ಸರಿಸಿ, ಬಲಗಡೆಯಿಂದ ಒಂದು ಸುತ್ತು ಬಂದು, ಕಣ್ಣಿಗೊತ್ತಿಕೊಳ್ಳುವುದೊಂದನ್ನು ಬಿಟ್ಟರು. ಪ್ರದಕ್ಷಿಣೆ ಏಕೆ ಎಂದು ತಿಳಿಯದ ಒಬ್ಬ ಕೊರಿಯನ್ ತಂದೆಯೂ ಯಾವುದಕ್ಕೂ ಇರಲೆಂದು ಅವರ ಹಿಂದೆ ಒಂದು ಸುತ್ತು ಬಂದರು.

ಆಮೇಲೆ ಮಾಹಿತಿ ಸಭೆ. ಇಲ್ಲಿ ರಾಯರ ಕಷ್ಟ ತಿಳಿಯಬೇಕಾದರೆ 1994 ನೆನೆಯಬೇಕು. ಕರ್ನಾಟಕದಲ್ಲಿ ಸಿಇಟಿ ಶುರುವಾದಾಗ ರಾಯರು ಮೊದಲ ಬ್ಯಾಚು. ರ‍್ಯಾಂಕ್ ಬಂತು, ಕರೆ ಬಂತು, ಅಪ್ಪನ ಜೊತೆ ಬೆಂಗಳೂರಿಗೆ ಹೋದರು, ತಮ್ಮ ಸರದಿಗೆ ಉಳಿದಿದ್ದ ಸೀಟುಗಳಲ್ಲಿ ಮೆಕ್ಯಾನಿಕಲ್ ಹಿಡಿದುಕೊಂಡು ಸಂಜೆ ಬಸ್ಸಿಗೆ ವಾಪಸು ಬಂದರು. ಯಾರು ಯಾರಿಗಿಂತ ಮುಂದೆ ಎಂದು ಊರಿಗೆಲ್ಲ ಗೊತ್ತು. ಇಲ್ಲಿ ಪೆನ್ಸಿಲ್ವೇನಿಯಾದವರು ರ‍್ಯಾಂಕೂ ಹೇಳುವುದಿಲ್ಲ, ಕಟ್‌ಆಫೂ ಹೇಳುವುದಿಲ್ಲ. ಅಂಕ, ಪ್ರಬಂಧ, ಮೇಷ್ಟ್ರ ಪತ್ರ, ಶಾಲೆಯ ಹೊರಗೆ ಮಾಡಿದ ಕೆಲಸ ಎಲ್ಲ ಸೇರಿಸಿ ನೋಡುತ್ತಾರಂತೆ. “ಸೇರಿಸಿದರೆ ಒಟ್ಟು ಎಷ್ಟಕ್ಕೆ ಎಷ್ಟು?” ಎಂದು ರಾಯರು ಕೈಯೆತ್ತಿ ಕೇಳಿದರು. ವೇದಿಕೆಯ ಮೇಲಿದ್ದ ಹುಡುಗಿ “ಗ್ರೇಟ್ ಕ್ವೆಶ್ಚನ್” ಎಂದು ಬಹಳ ಹೊತ್ತು ಮಾತಾಡಿದಳು. ರಾಯರ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಂಥ ನಂಬರು ಮಾತ್ರ ಒಂದೂ ಬರಲಿಲ್ಲ.

ಪ್ರಬಂಧಗಳ ಕಥೆಯೇ ಬೇರೆ. ವ್ಯಾಪಾರ, ಎಂಜಿನಿಯರಿಂಗು, ಇವೆರಡೂ ಕೂಡುವ ಜಾಗ, ಇವುಗಳಲ್ಲಿ ನಿನಗೇನು ಆಸಕ್ತಿ ಎಂದು ಎಂ ಅಂಡ್ ಟಿಯವರು ಕೇಳುತ್ತಾರೆ. ರಾಯರು ತಿಪಟೂರಿನಲ್ಲಿದ್ದ ತಾತನ ಕೊಬ್ಬರಿ ಮಂಡಿ ಮತ್ತು ಅದರ ತಕ್ಕಡಿಯ ಬಗ್ಗೆ ಎರಡು ಪುಟ ಬರೆದುಕೊಟ್ಟರು. ಮಗಳು ಓದಿ, “ಪಪ್ಪಾ, ನಾನು ಆ ತಕ್ಕಡಿ ನೋಡೇ ಇಲ್ಲ” ಎಂದಳು. ಆ ವರ್ಷ ವಿಶ್ವವಿದ್ಯಾಲಯದ ಇನ್ನೊಂದು ಪ್ರಶ್ನೆ ಮತ್ತೂ ಸೂಕ್ಷ್ಮವಾಗಿತ್ತು: ಇದುವರೆಗೆ ನೀನು ಥ್ಯಾಂಕ್ಸ್ ಹೇಳದ ಯಾರಿಗಾದರೂ ಒಂದು ಪುಟ್ಟ ಕೃತಜ್ಞತಾ ಪತ್ರ ಬರೆ. ರಾಯರು ಎರಡು ದಿನ ಆ ಪತ್ರದ ಸುದ್ದಿಯೇ ಎತ್ತದೆ ಓಡಾಡಿದರು. ಸುಮ್ಮನಿದ್ದರು ಅಷ್ಟೆ, ನಿರೀಕ್ಷೆ ಏನೂ ಇರಲಿಲ್ಲ ಎಂದು ಈಗ ಹೇಳುತ್ತಾರೆ. ಮಗಳು ಬರೆದದ್ದು, ಪರೀಕ್ಷೆಯಲ್ಲಿ ಎರಡು ಸಲ ಫೇಲಾದರೂ ಒಮ್ಮೆಯೂ ದನಿ ಏರಿಸದೆ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರಿಗೆ. ಮೇಷ್ಟ್ರಿಗಿಂತ ಮುಂಚೆ ಅವಳಿಗೆ ಕಾರು ಕಲಿಸಲು ಹೊರಟಿದ್ದವರು ಯಾರು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ.

ನವೆಂಬರ್ 1. ಲೋಕದ ಕನ್ನಡಿಗರಿಗೆಲ್ಲ ರಾಜ್ಯೋತ್ಸವ, ರಾಯರ ಮನೆಯಲ್ಲಿ ಅರ್ಲಿ ಡಿಸಿಷನ್ನಿನ ಕೊನೇ ದಿನ. ಈ ದಾರಿ ಹಿಡಿದರೆ ಬೇರೆಲ್ಲೂ ಹೀಗೆ ಹಾಕುವಂತಿಲ್ಲ. ಸಿಕ್ಕಿದರೆ ಸೇರಲೇಬೇಕು, ಉಳಿದ ಅರ್ಜಿಗಳನ್ನು ವಾಪಸು ತೆಗೆಯಬೇಕು. ಒಪ್ಪಂದಕ್ಕೆ ವಿದ್ಯಾರ್ಥಿ, ಶಾಲೆಯ ಕೌನ್ಸೆಲರ್, ಪೋಷಕರು ಮೂವರೂ ಸಹಿ ಹಾಕಬೇಕು. “ಹುಡುಗನ ಮನೆಯವರು ಇನ್ನೂ ಹೆಣ್ಣೇ ನೋಡಿಲ್ಲ, ನಾವು ಲಗ್ನಪತ್ರಿಕೆಗೆ ಸಹಿ ಹಾಕ್ತಿದ್ದೀವಿ” ಎಂದರು ಹೆಂಡತಿ. ಒಂದು ವರ್ಷದಿಂದ ರಾಯರು ಮಾಡಿದ ಕೆಲಸಗಳಲ್ಲಿ ವಿಶ್ವವಿದ್ಯಾಲಯ ತಾನಾಗಿ ಕೇಳಿದ್ದು ಈ ಸಹಿಯೊಂದನ್ನೇ. ಒಂಟಿಕೊಪ್ಪಲ್ ಪಂಚಾಂಗ ನೋಡಿ, ಫಿಲಡೆಲ್ಫಿಯಾದ ಸೂರ್ಯೋದಯಕ್ಕೆ ರಾಹುಕಾಲ ಹೊಂದಿಸಿ, ಸೈಟು ರಿಜಿಸ್ಟ್ರೇಷನ್ನಿಗೆ ಹಾಕುವಂಥ ಪೂರ್ತಿ ಸಹಿ ಹಾಕಿದರು. ಕಂಪ್ಯೂಟರಿನಲ್ಲಿ ಹೆಸರು ಟೈಪು ಮಾಡಿದರೆ ಸಾಕಿತ್ತು.

ಅಲ್ಲಿಂದ ಡಿಸೆಂಬರ್ ಮಧ್ಯದವರೆಗೆ ರಾಯರು ಯಾರನ್ನು ಕಂಡರೂ “ನಾವೇನೂ ಪ್ರೆಷರ್ ಹಾಕಲ್ಲಪ್ಪ” ಎನ್ನುತ್ತಿದ್ದರು. ಕೇಳಿದವರಿಗೇ ಎದೆ ಡವಡವ ಎನ್ನುತ್ತಿತ್ತು.

ಫಲಿತಾಂಶದ ಸಂಜೆ “ಸುಮ್ನೆ ಕಾಫಿಗೆ ಬನ್ನಿ” ಎಂದು ಕರೆದರು. ಹೋಗಿ ನೋಡಿದರೆ ಲ್ಯಾಪ್‌ಟಾಪನ್ನು ದೊಡ್ಡ ಟೀವಿಗೆ ಜೋಡಿಸಿದೆ, ರೆಕಾರ್ಡು ಮಾಡಲು ಟ್ರೈಪಾಡು ನಿಂತಿದೆ, ದೇವರ ಮುಂದೆ ತುಪ್ಪದ ದೀಪ, ಪಕ್ಕದಲ್ಲಿ ವಾಟ್ಸ್‌ಆಪಿನೊಳಗೆ ಮೈಸೂರಿನ ಅಜ್ಜಿ. ಅಲ್ಲಿ ಬೆಳಗಿನ ಜಾವ. ಧನುರ್ಮಾಸದ ಪೂಜೆಗೆ ಹೇಗೂ ಎದ್ದಿದ್ದರು, ಒಲೆಯ ಮೇಲೆ ಹುಗ್ಗಿ ಇತ್ತು. ರಾಯರು ಗಡಿಯಾರ ನೋಡಿ ಮಗಳನ್ನು ಕೂಗಿದರು. ಅವಳು ಚಿಪ್ಸ್ ತಿನ್ನುತ್ತಾ ಮೆಟ್ಟಿಲಿಳಿದು ಬಂದಳು.

“ಆಗಲೇ ನೋಡಿದೆ ಪಪ್ಪಾ. ಐ ಗಾಟ್ ಇನ್.”

ರಾಯರು ಕೈ ಮುಗಿದರು. ಮುಗಿದ ಕೈ ಅರ್ಧದಲ್ಲೇ ನಿಂತಿತು. “ಎರಡಕ್ಕೂ?”

“ಇಲ್ಲ. ಎಂಜಿನಿಯರಿಂಗ್.”

ಎಂ ಅಂಡ್ ಟಿಗೆ ಹಾಕುವವರು, ಅದು ಸಿಗದಿದ್ದರೆ ಒಂದೇ ಡಿಗ್ರಿಗೆ ನೋಡಿ ಎಂದು ಗುರುತು ಹಾಕಬಹುದು. ಮಗಳು ಗುರುತು ಹಾಕಿದ್ದಳು. ಒಪ್ಪಂದ ಅದಕ್ಕೂ ಅಂಟುತ್ತದೆ. ಅವಳ ಮುಖ ನೋಡಿದರೆ ಬಯಸಿದ್ದೇ ಅದು ಅನ್ನಿಸುತ್ತಿತ್ತು.

“ಏನಾಯ್ತೋ?” ಎಂದರು ಫೋನಿನೊಳಗಿನ ಅಜ್ಜಿ.

“ಅರ್ಧ ಆಯ್ತಮ್ಮ. ಬರೀ ಎಂಜಿನಿಯರಿಂಗು.”

“ನೀನು ಓದಿದ್ದೂ ಅದೇ ಅಲ್ವೇನೋ? ಅವತ್ತು ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ರು ನಿಮ್ಮಪ್ಪ. ಅರ್ಧ ಹ್ಯಾಗಾಗತ್ತೆ?” ಎಂದು ಗದರಿ ಅಜ್ಜಿ ಹುಗ್ಗಿ ತಳ ಹಿಡಿಯುತ್ತದೆಂದು ಹೊರಟುಹೋದರು.

ರಾಯರು ಒಂದು ವಾರ ಮಂಕಾಗಿದ್ದರು. ವರ್ಷಕ್ಕೆ ತೊಂಬತ್ತು ಸಾವಿರ ಡಾಲರಿಗೂ ಮೇಲೆ ಖರ್ಚಿದೆ, ಅದಕ್ಕಲ್ಲ. “ಎರಡು ಡಿಗ್ರಿಗೂ ಅಷ್ಟೇ ಫೀಸು, ಒಂದಕ್ಕೂ ಅಷ್ಟೇ ಫೀಸು. ಇದು ಯಾವ ನ್ಯಾಯ?” ಎಂದು ನನ್ನನ್ನು ಕೇಳಿದರು. ಜನವರಿ ಹೊತ್ತಿಗೆ ಧಾಟಿ ಬದಲಾಗಿತ್ತು. ಸಂಕ್ರಾಂತಿಯ ಎಳ್ಳು ಕೊಡಲು ಬಂದವರು ನನ್ನನ್ನು ಗ್ಯಾರೇಜಿನ ಕಡೆ ಕರೆದೊಯ್ದು ದನಿ ತಗ್ಗಿಸಿದರು.

“ಸೇರಿದ ಮೇಲೆ ಮೊದಲನೇ ವರ್ಷದಲ್ಲಿ ಒಳಗಿಂದಾನೇ ಎಂ ಅಂಡ್ ಟಿಗೆ ಹಾಕಬಹುದಂತೆ. ನಾವು ಈಗಿಂದಾನೇ ತಯಾರಿ ಶುರು ಮಾಡಿದ್ದೀವಿ. ಮಗಳಿಗೆ ಇನ್ನೂ ಹೇಳಿಲ್ಲ.”