ತಾನಾಗೇ ಆಗುತ್ತೆ ಭಾವ!

ಪೋಸ್ಟ್‌ಡಾಕ್ ಎಂಬ ಜೀವಿಯ ಲಕ್ಷಣ ಇಷ್ಟು: ಮೂವತ್ತು ದಾಟಿದ ವಯಸ್ಸು, ಹೆಸರಿನ ಹಿಂದೆ ಡಾಕ್ಟರ್, ಕೈಯಲ್ಲಿ ಒಂದೇ ವರ್ಷದ ಕಾಂಟ್ರ್ಯಾಕ್ಟು. ಅದರಲ್ಲೂ ಡಿಎನ್‌ಎ ಎಳೆಗಳಿಂದ ನ್ಯಾನೋ ವಸ್ತುಗಳನ್ನು ಕಟ್ಟುವವರದು ಬೇರೆಯೇ ತಳಿ. ಈ ಲೇಖಕನ ಹೆಂಡತಿಯ ತಮ್ಮ ಆ ತಳಿಯವನು, ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿದ್ದಾನೆ. ಮುಂದಿನ ಮಾತುಗಳಲ್ಲಿ ಪೂರ್ವಗ್ರಹ ಕಂಡರೆ ಓದುಗರ ಊಹೆ ಸರಿ.

ಅವನ ಬಾಯಲ್ಲಿ ಸದಾ ಒಂದೇ ಮಾತು: "ತಾನಾಗೇ ಆಗುತ್ತೆ ಭಾವ." ಡಿಎನ್‌ಎಯಲ್ಲಿ ಎ ಹೋಗಿ ಟಿಯನ್ನೇ ಹಿಡಿಯುತ್ತದೆ, ಜಿ ಹೋಗಿ ಸಿಯನ್ನೇ. ಅಕ್ಷರಗಳ ಸಾಲನ್ನು ಲೆಕ್ಕ ಹಾಕಿ ಬರೆಸಿ, ಎಳೆಗಳನ್ನು ಬೆರೆಸಿ, ಬಿಸಿ ಮಾಡಿ ಮೆಲ್ಲಗೆ ಆರಲು ಬಿಟ್ಟರೆ ಬೇಕಾದ ಆಕಾರ ಕೂಡಿಕೊಳ್ಳುತ್ತದೆ. ಸುಳ್ಳೇನಲ್ಲ. 2006ರಲ್ಲಿ ಕ್ಯಾಲ್ಟೆಕ್‌ನ ಪಾಲ್ ರಾಥೆಮಂಡ್ ಒಂದು ವೈರಸ್ಸಿನ ಏಳು ಸಾವಿರ ಚಿಲ್ಲರೆ ಅಕ್ಷರಗಳ ಎಳೆಯನ್ನು 200ಕ್ಕೂ ಹೆಚ್ಚು ಗಿಡ್ಡ ಎಳೆಗಳಿಂದ ಮಡಚಿ ನಿಲ್ಲಿಸಿ ನಗುಮುಖ ಮಾಡಿ ತೋರಿಸಿದರು. ಅಗಲ ಸುಮಾರು 100 ನ್ಯಾನೋಮೀಟರ್. ಎಲ್ಲವೂ ತಾನಾಗೇ ಆಗುವುದಾದರೆ ಈತ ರಾತ್ರಿ ಎರಡು ಗಂಟೆಗೆ ಲ್ಯಾಬಿನಲ್ಲಿ ಏನು ಮಾಡುತ್ತಾನೆ? ಕೇಳಿದರೆ "ಜೆಲ್ ಓಡ್ತಾ ಇದೆ" ಎನ್ನುತ್ತಾನೆ. ಅದು ಓಡುವಷ್ಟು ಹೊತ್ತು ಇವನು ಕೂತಿರಬೇಕಂತೆ.

ರಜೆಗೆ ಬಂದರೂ ಸುಮ್ಮನಿರುವುದಿಲ್ಲ. ಅವನ ಲ್ಯಾಬಿನ ಚಿನ್ನದ ನ್ಯಾನೋ ಕಣಗಳ ದ್ರಾವಣ ಕೆಂಪಗಿರುತ್ತದೆ. ಕಣಗಳಿಗೆ ಡಿಎನ್‌ಎ ಅಂಟಿಸುವಾಗ ಉಪ್ಪನ್ನು ಅವಸರದಲ್ಲಿ ಸುರಿದರೆ ಎಲ್ಲ ಮುದ್ದೆಯಾಗಿ, ನೀಲಿಗಟ್ಟಿ ತಳ ಸೇರುತ್ತವೆ. ಹೀಗಾಗಿ ಅಕ್ಕ ಸಾರಿಗೆ ಉಪ್ಪು ಹಾಕುವಾಗಲೂ ಇವನು ಪಕ್ಕದಲ್ಲಿ ನಿಂತು, "ಒಂದೇ ಸಲಕ್ಕೆ ಬೇಡ ಅಕ್ಕಾ" ಎಂದು ನರಳುತ್ತಾನೆ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ಫೋನಿನಲ್ಲಿರುವ ಫೋಟೊಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೆಂದರೆ ಬೂದು ಬಣ್ಣದ ಮಸುಕು, ನಡುವೆ ಕಪ್ಪು ಚುಕ್ಕೆ. ಮೈಸೂರಿನ ಮದುವೆಯೊಂದರಲ್ಲಿ ಅದನ್ನು ದೊಡ್ಡಮ್ಮನ ಮುಂದೆ ಹಿಡಿದ. ಅವರು ಕನ್ನಡಕ ಏರಿಸಿ ನೋಡಿ, ಮುಖ ಅರಳಿಸಿ ಕೇಳಿದರು:

"ಎಷ್ಟು ತಿಂಗಳೋ?"

"ಎಂಟು ತಿಂಗಳಾಯ್ತು ದೊಡ್ಡಮ್ಮ. ಮೂರಿದೆ ನೋಡಿ, ಇಲ್ಲಿ, ಇಲ್ಲಿ, ಇಲ್ಲಿ. ಒಂದಿನ್ನೂ ಸರಿಯಾಗಿ ಕೂತಿಲ್ಲ."

"ಮೂರಾ! ನಮಗ್ಯಾರಿಗೂ ಹೇಳಲೇ ಇಲ್ಲವಲ್ಲೋ!"

ಅವನಿಗಿನ್ನೂ ಮದುವೆಯಾಗಿಲ್ಲ. ಪಾಯಸ ಬಡಿಸುವ ಹೊತ್ತಿಗೆ ಸುದ್ದಿ ಮೂರು ಪಂಕ್ತಿ ದಾಟಿತ್ತು. ಹುಡುಗಿ ಅಮೆರಿಕದವಳೇ ಎಂದು ಕೈತೊಳೆಯುವಲ್ಲಿ ಈ ಲೇಖಕನನ್ನು ಒಬ್ಬರು ತಡೆದು ಕೇಳಿದರು. ಡಿಎನ್‌ಎ ತ್ರಿಕೋನದ ಮೂಲೆಗಳಲ್ಲಿ ಕೂರಿಸಿದ ಚಿನ್ನದ ಕಣಗಳವು ಎಂದು ವಿವರಿಸಲು ಹೋದದ್ದರಿಂದ ಅನುಮಾನ ಇನ್ನಷ್ಟು ಬಲವಾಯಿತು. ಆಗಲೂ ಅವನು ಇನ್ನೊಬ್ಬರಿಗೆ ಅದೇ ಫೋಟೊ ದೊಡ್ಡದು ಮಾಡಿ ತೋರಿಸುತ್ತಿದ್ದ.

ಆ ಉತ್ಸಾಹ ಕಂಡಾಗ ಮಾತ್ರ ಸಿಟ್ಟು ಇಳಿಯುತ್ತದೆ. ಈ ವಿದ್ಯೆಗೆ ತಳಪಾಯ ಹಾಕಿದ ನೆಡ್ ಸೀಮನ್ ಡಿಎನ್‌ಎ ಜಾಲದ ಕಲ್ಪನೆಯನ್ನು ಪ್ರಕಟಿಸಿದ್ದು 1982ರಲ್ಲಿ. ಲೆಕ್ಕ ಹಾಕಿ ಕಟ್ಟಿದ ಮೂರು ಆಯಾಮದ ಸ್ಫಟಿಕ ಅವರ ಬಳಗಕ್ಕೆ ಒಲಿದದ್ದು 2009ರಲ್ಲಿ, 27 ವರ್ಷಗಳ ಮೇಲೆ. ಅಷ್ಟು ಕಾಯಲು ಅವರಿಗೆ ಪ್ರಾಧ್ಯಾಪಕ ಹುದ್ದೆಯಾದರೂ ಇತ್ತು. ಇವನಿಗೆ ಪ್ರತಿ ವರ್ಷ ಕಾಂಟ್ರ್ಯಾಕ್ಟ್ ನವೀಕರಣದ ಇಮೇಲ್ ಬರುವ ತನಕ ನಿದ್ದೆಯಿಲ್ಲ, ಅಷ್ಟರೊಳಗೆ ಇಲ್ಲಿಂದ "ಯಾವಾಗ ಸೆಟಲ್ ಆಗ್ತೀಯಾ?" ಎಂಬ ಫೋನು. ಆ ಫೋನುಗಳಲ್ಲಿ ಕೆಲವು ಈ ಲೇಖಕನವೂ ಹೌದು.

ವಾಪಸು ಬರುವ ಆಸೆ ಅವನಿಗಿದೆ. ಇಲ್ಲಿ ಆಗದ ಕೆಲಸವೇನೂ ಅಲ್ಲ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿದ್ದಾಗಲೇ ಯಮುನಾ ಕೃಷ್ಣನ್ ಅವರ ತಂಡ ಜೀವಕೋಶದೊಳಗಿನ ಆಮ್ಲೀಯತೆ ಅಳೆಯುವ ಡಿಎನ್‌ಎ ಸಾಧನವನ್ನು 2009ರಲ್ಲಿ ಪ್ರಕಟಿಸಿತ್ತು. ಆದರೆ ನಮ್ಮ ಹಲವು ಸಂಸ್ಥೆಗಳು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 35ರೊಳಗಿನವರಿಗೇ ಆದ್ಯತೆ ಕೊಡುತ್ತವೆ. ಇವನಿಗೆ ಬರುವ ಯುಗಾದಿಗೆ 35 ತುಂಬುತ್ತದೆ, ಈ ಒಂದು ವಿಷಯದಲ್ಲಿ ಮಾತ್ರ ಅವನು "ತಾನಾಗೇ ಆಗುತ್ತೆ" ಎನ್ನುವುದಿಲ್ಲ. ಕೆಲಸ ಕೊಡುವಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ಸಂದರ್ಶನದಲ್ಲಿ ಫೋಟೊ ತೋರಿಸುತ್ತಾನೆ, ಸ್ವಲ್ಪ ಸಹಿಸಿಕೊಳ್ಳಿ.