ಕತ್ಸುರಾ ನಾಮಮೀಮಾಂಸೆ

ಶಾಸ್ತ್ರಗ್ರಂಥಗಳನ್ನು ‘ಅಥ’ ಎಂದು ಮೊದಲುಮಾಡುವುದು ಹಿರಿಯರ ಸಂಪ್ರದಾಯ. ನಮ್ಮ ವಿಷಯವಾದರೋ ‘ಅಲ್ಲ’ ಎಂಬಲ್ಲಿಂದಲೇ ಮೊದಲಾಗುತ್ತದೆ. ಜಪಾನಿನ ಚಿತ್ರಕಥಾಕಾರನಾದ ಸೊರಾಚಿ ಹಿದೆಯಾಕಿಯು 2003ರ ಕೊನೆಯಲ್ಲಿ ವಾರಪತ್ರಿಕೆಯೊಂದರಲ್ಲಿ ಪ್ರಾರಂಭಿಸಿ 2019ರಲ್ಲಿ ಮುಗಿಸಿದ, 77 ಸಂಪುಟಗಳ ‘ಗಿಂತಮಾ’ ಎಂಬ ಹಾಸ್ಯಮಹಾಕಥನದಲ್ಲಿಯೂ, 2006ರಿಂದ 2018ರವರೆಗೆ 367 ಕಂತುಗಳಾಗಿ ಹರಿದ ಅದರ ಅನಿಮೆ ರೂಪದಲ್ಲಿಯೂ ಕತ್ಸುರಾ ಕೊತಾರೊ ಎಂಬ ಬಂಡುಕೋರ ಸಮುರಾಯಿಯೊಬ್ಬನು ಕಾಣಿಸಿಕೊಳ್ಳುತ್ತಾನೆ. ಬಾಲ್ಯಸ್ನೇಹಿತನಾದ ಗಿಂತೋಕಿಯು ಅವನನ್ನು ‘ಜುರಾ’ ಎಂದು ಕರೆದಾಗಲೆಲ್ಲ, ಕತ್ತಿಯು ಕುತ್ತಿಗೆಯ ಮೇಲಿರಲಿ, ಕೈಯಲ್ಲಿ ಬಾಂಬು ಟಿಕ್ಕೆನ್ನುತ್ತಿರಲಿ, ತಾನು ಜುರಾ ಅಲ್ಲವೆಂದು ಮೊದಲು ನಿಷೇಧಿಸಿ, ತಾನು ಕತ್ಸುರಾ ಎಂದು ಅನಂತರ ವಿಧಿಸಿ, ಆಮೇಲೆಯೇ ಅವನು ಪ್ರಾಣರಕ್ಷಣೆಯೇ ಮೊದಲಾದ ಸಾಮಾನ್ಯ ಕಾರ್ಯಗಳ ಕಡೆಗೆ ತಿರುಗುತ್ತಾನೆ. ಈ ತಿದ್ದುಪಡಿಯ ತಾತ್ತ್ವಿಕ ಸ್ವರೂಪವೇನೆಂಬುದೇ ಪ್ರಕೃತ ಪ್ರಬಂಧದ ವಿಚಾರ.

ಮೊದಲು ಶಬ್ದಪರೀಕ್ಷೆ. ನಮ್ಮ ನಾಯಕನು ಬರೆದುಕೊಳ್ಳುವ ಲಿಪಿಯಲ್ಲಿ ‘ಕತ್ಸುರಾ’ ಎಂದರೆ ಒಂದು ವೃಕ್ಷ. ಎಲೆ ಹೃದಯಾಕಾರದ್ದು, ಶರತ್ಕಾಲದಲ್ಲಿ ಉದುರಿದಾಗ ಸುಟ್ಟ ಸಕ್ಕರೆಯ ಪರಿಮಳವನ್ನು ಬೀರುವಂಥದು. ಆದರೆ ಲಿಪಿ ಬೇರೆಯಾಗಿ ಉಚ್ಚಾರಣೆ ಒಂದೇ ಆಗಿರುವ ಇನ್ನೊಂದು ಕತ್ಸುರಾ ಉಂಟು. ಅದರ ಅರ್ಥ ಕೃತಕಕೇಶ, ಎಂದರೆ ವಿಗ್ಗು. ಜುರಾ ಎಂಬುದು ಈ ಎರಡನೆಯದರ ತಲೆಯನ್ನು ಹಾರಿಸಿ ಬಾಲವನ್ನು ಉಳಿಸಿಕೊಂಡ ಬೀದಿಮಾತು. ವ್ಯಾಕರಣದೃಷ್ಟಿಯಿಂದ ಇದು ಆದಿಲೋಪ, ಶಿಷ್ಟಾಚಾರದೃಷ್ಟಿಯಿಂದ ಮರ್ಯಾದಾಲೋಪ. ಬೆನ್ನಿನ ಮೇಲೆ ಇಳಿಬಿಟ್ಟ ಆ ನೀಳವಾದ ಕಪ್ಪುಗೂದಲು ಅವನದೇ ಎಂಬುದಕ್ಕೆ ಪ್ರಮಾಣವೇನೆಂದು ಕೇಳುವವರು ಬೆನಿಜಾಕುರಾ ಎಂಬ ಮಾಯಾಖಡ್ಗದ ಪ್ರಕರಣವನ್ನು ನೋಡತಕ್ಕದ್ದು. ಅಲ್ಲಿ ಕೊಲೆಗಡುಕನೊಬ್ಬನು ಅದನ್ನು ಕತ್ತರಿಸಿ ಒಯ್ದು, ಕತ್ಸುರಾ ಸತ್ತನೆಂಬುದಕ್ಕೆ ಸಾಕ್ಷಿಯಾಗಿ ಮೆರೆಸುತ್ತಾನೆ. ಸತ್ತವನಾದರೋ ಮೋಟುಗೂದಲಿನೊಡನೆ ಮರಳಿ ಬರುತ್ತಾನೆ. ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ, ಗುರುವು ಕೊಟ್ಟ ಹಳೆಯ ಪಠ್ಯಪುಸ್ತಕವು ಆ ಏಟನ್ನು ತಡೆದಿರುತ್ತದೆ. ಪಠ್ಯಪುಸ್ತಕದಿಂದ ಪ್ರಾಣ ಉಳಿದ ದೃಷ್ಟಾಂತ ಪ್ರಪಂಚದ ಸಾಹಿತ್ಯದಲ್ಲಿ ಅತಿವಿರಳವೆಂದು, ನಾಲ್ಕಾರು ಪಠ್ಯಪುಸ್ತಕಗಳನ್ನು ಬರೆದ ಅಪರಾಧಿಯಾದ ನಾವು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಇನ್ನು ಪೂರ್ವಪಕ್ಷ. ಇದು ಔಪನಿಷದವಾದ ‘ನೇತಿ’ವಾದದ ಜಪಾನೀ ರೂಪಾಂತರವೆಂದು ವಾದಿಸುವುದು ಸುಲಭ; ಸುಲಭವಾದುದರಿಂದಲೇ ಅದು ಸಂಶಯಾಸ್ಪದ. ನೇತಿಯೆನ್ನುವವನು ಉಪಾಧಿಗಳನ್ನು ಒಂದೊಂದಾಗಿ ಕಳಚುತ್ತ ಹೋಗುತ್ತಾನೆ. ಕತ್ಸುರಾ ಉಪಾಧಿಗಳನ್ನು ಒಂದರ ಮೇಲೊಂದು ತೊಟ್ಟುಕೊಳ್ಳುತ್ತಾನೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಕಡಲ್ಗಳ್ಳನಾಗಿ ನಿಂತಿರುವಾಗ ಯಾರಾದರೂ ಜುರಾ ಎಂದರೆ, ಅಲ್ಲ, ಕ್ಯಾಪ್ಟನ್ ಕತ್ಸುರಾ ಎನ್ನುತ್ತಾನೆ. ಶಿನ್‌ಸೆನ್‌ಗುಮಿಯ ಪೊಲೀಸರು ನಗರವನ್ನೆಲ್ಲ ಜಾಲಾಡುತ್ತಿರುವಾಗ ವೇಷ ಹಾಕುವುದು ಹೆಸರನ್ನು ಮುಚ್ಚುವುದಕ್ಕೆಂದೇ ನಾವು ಇದುವರೆಗೆ ತಿಳಿದಿದ್ದೆವು. ಇವನಾದರೋ ಮುಖವನ್ನು ಮುಚ್ಚಿ ಹೆಸರನ್ನು ಸಾರುವವನು. ಸ್ತ್ರೀವೇಷದಲ್ಲಿ ಮದ್ಯಗೃಹದಲ್ಲಿರುವಾಗಿನ ಪಾಠವು ಇದಕ್ಕಿಂತ ಕ್ಲಿಷ್ಟ: ಅಲ್ಲಿ ಅವನು, ತಾನು ಜುರಾ ಅಲ್ಲ, ಜುರಾಕೊ ಎಂದು ತಿದ್ದುತ್ತಾನೆ. ಯಾವ ಪದವನ್ನು ವಾಕ್ಯದ ಪೂರ್ವಾರ್ಧದಲ್ಲಿ ಹೊರದೂಡಿದನೋ ಅದೇ ಪದವು ಸ್ತ್ರೀಪ್ರತ್ಯಯವೊಂದನ್ನು ಹೊದ್ದುಕೊಂಡು ಉತ್ತರಾರ್ಧದಲ್ಲಿ ಒಳಗೆ ಬಂದು ಕುಳಿತುಕೊಳ್ಳುತ್ತದೆ, ಅವನು ಅದಕ್ಕೆ ಮಣೆಯನ್ನೂ ಹಾಕುತ್ತಾನೆ. ಈ ಸ್ಥಳದಲ್ಲಿ ತರ್ಕಶಾಸ್ತ್ರವು ಬೆವರೊರೆಸಿಕೊಳ್ಳುತ್ತದೆ.

ಅವನ ರಾಜಕೀಯವೂ ಇದೇ ಜಾಯಮಾನದ್ದು. ಕಥಾರಂಭಕ್ಕೆ ಇಪ್ಪತ್ತು ವರ್ಷ ಹಿಂದೆ ಎದೋ ನಗರಕ್ಕೆ ಆಕಾಶಮಾರ್ಗದಿಂದ ಇಳಿದ ಅನ್ಯಗ್ರಹವಾಸಿಗಳು ಅಲ್ಲಿಯ ಆಡಳಿತವನ್ನು ಕೈಗೊಂಬೆ ಮಾಡಿಕೊಂಡು ಸಮುರಾಯಿಗಳ ಕತ್ತಿಗಳನ್ನು ಕಸಿದರು. 1853ರಲ್ಲಿ ಅಮೆರಿಕದ ಪೆರಿಯು ನಾಲ್ಕು ಕಪ್ಪು ಹಡಗುಗಳನ್ನು ತಂದುದನ್ನೂ 1876ರ ಖಡ್ಗನಿಷೇಧವನ್ನೂ ಸೊರಾಚಿಯು ಹೀಗೆ ಒಂದೇ ಹಾರೆಗೆ ಎತ್ತಿದ್ದಾನೆ. ಆಗಂತುಕರ ಹೆಸರು ಅಮಾಂತೊ. ಬರೆಯುವ ಲಿಪಿಗಳಾದರೋ ದಿವಿಜರು ಎಂಬ ಅರ್ಥದವು. ಕತ್ಸುರಾ ಹಿಡಿದ ಜೋಯಿ ವ್ರತವೆಂದರೆ ಮ್ಲೇಚ್ಛನಿವಾರಣೆ. ದಿವಿಜರನ್ನು ಮ್ಲೇಚ್ಛರೆಂದು ಓಡಿಸಹೊರಟವನ ಸಂಕಟವನ್ನು ಪುರಾಣಜ್ಞರು ಊಹಿಸಿಕೊಳ್ಳಲಿ. ಮೊದಮೊದಲು ರಾಯಭಾರ ಕಚೇರಿಗೆ ಬಾಂಬು ಕಳುಹಿಸುತ್ತಿದ್ದವನು ಕಾಲಕ್ರಮದಲ್ಲಿ ಆ ಮಾರ್ಗವನ್ನು ಬಿಟ್ಟನು. ತಾನು ಸುಡಬೇಕೆಂದಿದ್ದ ಊರಿನಲ್ಲಿ ಸುಡಲಾಗದ ಮಂದಿ ಬಹಳವಾದರು. ಬಂಡಾಯವನ್ನು ಮಾತ್ರ ಬಿಡಲಿಲ್ಲ.

ಇಷ್ಟಾಗಿ, ಈ ಮ್ಲೇಚ್ಛನಿವಾರಕನ ಬಿಡಾರದಲ್ಲಿ ಸಹವಾಸಿಯಾಗಿರುವುದು ಎಲಿಜಬೆತ್ ಎಂಬ ಅನ್ಯಗ್ರಹದ ಪ್ರಾಣಿಯೇ. ಮಿತ್ರನಾದ ಸಕಾಮೊತೊ ಕೊಟ್ಟುಹೋದ ಉಡುಗೊರೆ ಅದು. ಬಾತುಕೋಳಿಗೂ ಪೆಂಗ್ವಿನ್ನಿಗೂ ನಡುವಿನ ಬೆಳ್ಳಗಿನ ಆಕಾರ; ಮೇಲೆ ಹಾಸಿಗೆಯ ಹೊದಿಕೆಯನ್ನು ಕವುಚಿದಂತಿರುವ ಮೈ; ರೆಪ್ಪೆ ಬಡಿಯದ ಎರಡು ದುಂಡು ಕಣ್ಣು; ಮಾತಿಲ್ಲ, ಹೇಳತಕ್ಕದ್ದೆಲ್ಲವನ್ನೂ ಹಲಗೆಯ ಮೇಲೆ ಬರೆದು ಎತ್ತಿ ಹಿಡಿಯುವ ಅಭ್ಯಾಸ. ಕೆಳಅಂಚು ಕೊಂಚ ಮೇಲೆದ್ದಾಗ ಅದರಡಿಯಲ್ಲಿ ರೋಮಭರಿತವಾದ ಎರಡು ಗಂಡುಗಾಲುಗಳು ಗೋಚರಿಸುತ್ತವೆ. ಅವನ್ನು ಎಲ್ಲರೂ ನೋಡಿದ್ದಾರೆ. ಕತ್ಸುರಾ ಮಾತ್ರ ನೋಡಿಲ್ಲ, ಅಥವಾ ನೋಡಿಯೂ ಸ್ನೇಹಿತನ ಕಾಲಿನ ವಿಚಾರ ತನಗೇಕೆಂದು ಸುಮ್ಮನಿದ್ದಾನೆ. ಎರಡನೆಯ ಪಕ್ಷವೇ ನಮಗೆ ಸಮ್ಮತ. ತನ್ನ ಹೆಸರಿನ ಒಂದಕ್ಷರಕ್ಕಾಗಿ ಕಾದಾಡುವವನು ಇನ್ನೊಬ್ಬನು ಯಾವ ಹೆಸರಿನಿಂದ ನಿಂತಿರುವನೋ ಅದರ ಒಳಗೆ ಇಣುಕುವುದಿಲ್ಲ.

ಈಗ ಚರಿತ್ರೆ. ಕೊತಾರೊವಿನ ಮೂಲಪುರುಷನು ಚೋಶೂ ಸೀಮೆಯ ಕತ್ಸುರಾ ಕೊಗೊರೊ (1833–1877). ಆ ಸೀಮೆಯವನೇ ಆದ ಯೋಶಿದಾ ಶೋಇನ್ 1859ರಲ್ಲಿ ಮರಣದಂಡನೆಗೆ ಗುರಿಯಾದ ಶಿಕ್ಷಕ. ನಮ್ಮವನ ಗುರು ಯೋಶಿದಾ ಶೋಯೋ ಅವನ ನೆರಳು. ಕೊಗೊರೊವಿಗೆ ‘ಓಡಿಹೋಗುವ ಕೊಗೊರೊ’ ಎಂದು ಬಿರುದು. 1864ರಲ್ಲಿ ಕ್ಯೋತೋದ ಇಕೆದಾಯಾ ಛತ್ರದ ಮೇಲೆ ಶಿನ್‌ಸೆನ್‌ಗುಮಿಯು ಬಿದ್ದಾಗ ಅವನು ಅಲ್ಲಿರಲಿಲ್ಲ. ಬೇಗನೆ ಹೋಗಿ, ಯಾರೂ ಬಂದಿಲ್ಲದುದನ್ನು ಕಂಡು, ಬೇರೆ ಕಡೆಗೆ ಹೊರಟುಹೋದನೆಂದು ತಾನೇ ಹೇಳಿಕೊಂಡಿದ್ದಾನೆ. ಕಾಲನಿಷ್ಠೆಯಿಂದ ಪ್ರಾಣ ಉಳಿದ ಕ್ರಾಂತಿಕಾರನೀತ! ಅನಂತರ ಭಿಕ್ಷುಕವೇಷದಲ್ಲಿ ನಿಜೋ ಸೇತುವೆಯಡಿ ಅಡಗಿದ್ದವನಿಗೆ ಇಕುಮಾತ್ಸು ಎಂಬ ಗೆಯ್ಷಾ ಅನ್ನದುಂಡೆಗಳನ್ನು ಮುಟ್ಟಿಸುತ್ತಿದ್ದಳೆಂದು ಪ್ರತೀತಿ. ಮುಂದೆ ಅವಳೇ ಅವನ ಹೆಂಡತಿಯಾದಳು. ಅನಿಮೆಯಲ್ಲಿ ಇಕುಮಾತ್ಸು ರಾಮೆನ್ ಅಂಗಡಿಯನ್ನು ನಡೆಸುವ ವಿಧವೆ, ಕೊತಾರೊವಾದರೋ ಸೋಬಾಪ್ರಿಯ. ಶಾವಿಗೆಯ ಈ ಮತಭೇದದಿಂದ ಅವರ ಸಂಬಂಧ ಮದುವೆಯವರೆಗೆ ಮುಟ್ಟಲಿಲ್ಲವೇನೋ ಎಂಬುದು ನಮ್ಮ ಸ್ವಂತ ಊಹೆ.

ಗಮನಿಸತಕ್ಕ ಅಂಶವಿದು. ಕೊಗೊರೊ ಹುಟ್ಟಿದ್ದು ವಾದಾ ಮನೆತನದಲ್ಲಿ. ದತ್ತುಹೋಗಿ ಕತ್ಸುರಾ ಆದನು. ತಲೆಮರೆಸಿಕೊಂಡಾಗ ಇಜುಶಿಯಲ್ಲಿ ಬೇರೊಂದು ಹೆಸರಿನ ವರ್ತಕನಾದನು. ಕೊನೆಗೆ ಕಿದೊ ತಕಯೋಶಿಯಾಗಿ, ಹೊಸ ಜಪಾನನ್ನು ಕಟ್ಟಿದ ಮೂವರು ಪ್ರಮುಖರಲ್ಲೊಬ್ಬನೆನಿಸಿ ತೀರಿಕೊಂಡನು. ಕತ್ಸುರಾ ಎಂಬುದು ಅವನು ದಾರಿಯಲ್ಲಿ ಕಳಚಿಟ್ಟು ಮುಂದೆ ನಡೆದ ಅಂಗಿ. ಮಂತ್ರಿಪದವಿಗೆ ಬೇಡವಾದ ಆ ಹೆಸರನ್ನು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಒಬ್ಬ ಹಾಸ್ಯಪಾತ್ರನು ದಾರಿಯಿಂದೆತ್ತಿ ತೊಟ್ಟುಕೊಂಡು, ಅದರ ಒಂದು ಗುಂಡಿಯನ್ನೂ ಕಳೆಯಗೊಡದೆ ಕಾಯುತ್ತಿದ್ದಾನೆ.

ಈ ಪ್ರಬಂಧದ ಮೊದಲ ಕರಡು ಅಚ್ಚುಕೂಟದಿಂದ ಬಂದಾಗ, ಅಲ್ಲಿಯ ಗಣಕಯಂತ್ರದ ಕೃಪೆಯಿಂದ, ನಮ್ಮ ನಾಯಕನು ಆದ್ಯಂತವಾಗಿ ‘ಕತ್ತರಿ ಕೊತಾರೊ’ ಆಗಿದ್ದನು. ಅಂಚಿನಲ್ಲಿ ಕೆಂಪು ಶಾಯಿಯಿಂದ ತಿದ್ದಿ ಕಳುಹಿಸಿದೆವು. ಎರಡನೆಯ ಕರಡಿನಲ್ಲಿಯೂ ಕತ್ತರಿಯೇ. ಮತ್ತೆ ತಿದ್ದಿದೆವು, ಈ ಸಲ ಕೊಂಚ ದೊಡ್ಡ ಅಕ್ಷರಗಳಲ್ಲಿ. ಮೂರನೆಯದರಲ್ಲಿ ಹೆಸರುಗಳೆಲ್ಲ ಸರಿಹೋಗಿದ್ದುವು; ಆದರೆ ನಾವು ಅಂಚಿನಲ್ಲಿ ಬರೆದಿದ್ದ ‘ಕತ್ತರಿ ಅಲ್ಲ, ಕತ್ಸುರಾ’ ಎಂಬ ಸೂಚನೆಯನ್ನು ಅಕ್ಷರ ಜೋಡಿಸುವ ಹುಡುಗನು ಎಲಿಜಬೆತ್ತಿನ ಕಾಲುಗಳ ಕೆಳಗೆ ಒಂದು ಸ್ವತಂತ್ರ ವಾಕ್ಯವಾಗಿ ಕೂಡಿಸಿದ್ದನು. ಕೆಂಪು ಶಾಯಿಯ ಲೇಖನಿಯನ್ನು ಬಹಳ ಹೊತ್ತು ಅದರ ಮೇಲೆ ಹಿಡಿದುಕೊಂಡು ಕುಳಿತಿದ್ದೆವು.